ಮಾಸ್ಟ್ರ ಒಪ್ಪಿಗೆ

"ಇದು ನಮ್ಮಪ್ಪ ಹೇಳಿದ ಮಾತಾ, ಇಲ್ಲಾ ನೀವೇ ಬರ್ಕೊಂಡಿದ್ದಾ?"

ಮಗ ಹಳದಿ ಹಾಳೆಯ ಮೂರನೆಯ ಸಾಲಿನ ಮೇಲೆ ಬೆರಳಿಟ್ಟು ಕೇಳಿದ. ಬಸ್ಸು ರಿಪೇರಿಯ ಶೆಡ್ಡಿನಿಂದ ಊಟದ ಬಿಡುವಿನಲ್ಲಿ ಓಡಿ ಬಂದಿದ್ದ. ಕೈಯ ಗ್ರೀಸು ಒರೆಸಿಕೊಳ್ಳುವಷ್ಟು ವ್ಯವಧಾನವೂ ಅವನಿಗಿರಲಿಲ್ಲ. ನರ್ಸಮ್ಮ ಬಗ್ಗಿ ನೋಡಲಿಲ್ಲ. ಆ ಸಾಲು ಅವಳಿಗೆ ಬಾಯಿಪಾಠವಾಗಿತ್ತು. 'ಉಸಿರು ಕೈಕೊಟ್ಟರೆ ಗಂಟಲಿಗೆ ನಳಿಗೆ ಇಳಿಸಿ ಯಂತ್ರಕ್ಕೆ ಜೋಡಿಸುವುದು ಬೇಡ. ಮನೆಗೆ ಕಳಿಸಿಕೊಡಿ.' ಕೆಳಗೆ ಅವನ ತಂದೆಯ ಸಹಿ, ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಷ್ಟು ನೇರವಾಗಿತ್ತು.

"ಅವರದ್ದೇ ಮಾತು," ಎಂದಳು. "ಸೋಮವಾರ ಬೆಳಿಗ್ಗೆ ಓದಿ ಹೇಳಿದೆ. ಒಪ್ಕೊಂಡ್ರು, ಸಹಿ ಹಾಕಿದ್ರು."

"ಭಾನುವಾರ ನನ್ನ ಕೈ ಹಿಡ್ಕೊಂಡು ಮೆಷೀನ್ ಹಾಕ್ಸೋಕೆ ಒಪ್ಪಿದ್ರಲ್ಲ, ಅದೇನು ಸುಳ್ಳಾ ಹಾಗಾದ್ರೆ?"

ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದ ಮಗಳು ಎದ್ದು ಬಂದಳು. ಬೇರೆ ಊರಿನಲ್ಲಿ ಶಾಲೆಯ ಟೀಚರಾಗಿದ್ದವಳು ಮೂರು ದಿನದ ರಜೆ ಹಾಕಿ ಬಂದಿದ್ದಳು. ತಮ್ಮನ ಮಾತೂ ಸರಿಯಿಲ್ಲ, ಸಿಸ್ಟರ್ ಬರೆದದ್ದೂ ಸರಿಯಿಲ್ಲ ಎಂದು ಅವಳು ಮೆಲ್ಲನೆ ಹೇಳಿದಳು. ತನ್ನ ಊರಿನ ದೊಡ್ಡ ಆಸ್ಪತ್ರೆಗೆ ಸೇರಿಸುವ ಮಾತನ್ನು ಮಂಗಳವಾರ ಅಪ್ಪನ ಹತ್ತಿರ ಆಡಿದ್ದಳಂತೆ, ಅಪ್ಪ ಒಪ್ಪಿದ್ದರಂತೆ, ಆಂಬುಲೆನ್ಸಿನವನಿಗೂ ಹೇಳಿಯಾಗಿದೆಯಂತೆ. ತಮ್ಮ ಅಕ್ಕನ ಮುಖ ನೋಡಿದ. ಅಕ್ಕ ನರ್ಸಮ್ಮನ ಮುಖ ನೋಡಿದಳು. ಒಬ್ಬ ತಂದೆಯ ಮೂರು ಒಪ್ಪಿಗೆ ಹಿಡಿದುಕೊಂಡು ಮೂವರು ಬಾಗಿಲಲ್ಲಿ ನಿಂತಿದ್ದರು. ಒಳಗೆ ಆರನೇ ಹಾಸಿಗೆಯಲ್ಲಿ ತಂದೆ ಮೂಗಿಗೆ ಆಮ್ಲಜನಕದ ಪೈಪು ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದ್ದರು.

ಆ ವಾರ್ಡಿಗೆ ಬರುವವರು ವಾಸಿಯಾಗಿ ಹೋಗುವವರಲ್ಲ. ಬಾಗಿಲ ಮೇಲೆ ಬೇರೆ ಹೆಸರಿತ್ತು. ತಳ್ಳುಗಾಡಿಯವರು ಮಾತ್ರ ಅದನ್ನು ಕೊನೇ ವಾರ್ಡು ಎನ್ನುತ್ತಿದ್ದರು. ಯಾರಾದರೂ ಗದರಿಸಿದರೆ, ಕಾರಿಡಾರಿನ ಕೊನೆಯಲ್ಲಿದೆಯಲ್ಲ, ಅದಕ್ಕೆ ಅಂದೆವು ಎಂದು ಜಾರಿಕೊಳ್ಳುತ್ತಿದ್ದರು. ನರ್ಸಮ್ಮ ಅಲ್ಲಿಯ ಹಿರಿಯಳು. ಸೂಜಿ ಚುಚ್ಚುವುದು, ಮಾತ್ರೆ ಕೊಡುವುದು ಚಿಕ್ಕ ನರ್ಸುಗಳ ಪಾಲಿಗೆ ಹೋಗಿ, ಹನ್ನೆರಡು ವರ್ಷದಿಂದ ಅವಳ ಪಾಲಿಗೆ ಉಳಿದದ್ದು ಕೇಳುವ ಕೆಲಸ. ಕೊನೆಗಾಲದಲ್ಲಿ ಎಲ್ಲಿರಬೇಕು, ಹತ್ತಿರ ಯಾರಿರಬೇಕು, ಏನು ಮಾಡಬೇಕು, ಏನು ಮಾಡಬಾರದು: ನಾಲ್ಕೇ ಪ್ರಶ್ನೆ. ಕೇಳುವುದಕ್ಕೂ ಒಂದು ಹದ ಬೇಕು. ಮಲಗಿದವರ ಕಣ್ಣಿಗಿಂತ ತನ್ನ ಕಣ್ಣು ಮೇಲಿರಬಾರದೆಂದು ಅವಳು ಗಿಡ್ಡ ಸ್ಟೂಲು ಹುಡುಕಿ ತರುತ್ತಿದ್ದಳು. ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕುತ್ತಿದ್ದಳು. ಕೆಲವರು ಅತ್ತರು, ಕೆಲವರು ಬೈದು ಕಳಿಸಿದರು. ಏಳನೇ ಹಾಸಿಗೆಯ ಮುದಿ ಲಾರಿ ಡ್ರೈವರ್, "ಬರ್ಕೊಳ್ಳಿ ಸಿಸ್ಟರ್, ನಂಗೆ ಸಾಯೋಕೆ ಇಷ್ಟ ಇಲ್ಲ, ಮುಂದಿನ ಪ್ರಶ್ನೆ ಕೇಳಿ" ಎಂದಿದ್ದ. ಹಾಳೆಯ ತಲೆಯಲ್ಲಿ 'ರೋಗಿಯ ಮಾತಿನಲ್ಲೇ' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದರಿಂದ ಅವಳು ಅದನ್ನೂ ಹಾಗೇ ಬರೆದುಕೊಂಡಿದ್ದಳು.

ಆರನೇ ಹಾಸಿಗೆಯ ಮಾಸ್ಟ್ರು ಏನೂ ತೊಂದರೆ ಕೊಟ್ಟವರಲ್ಲ. ಐವತ್ತು ವರ್ಷ ಟೇಲರಾಗಿದ್ದವರು. ಊರಿನ ಅರ್ಧ ಗಂಡಸರು ಅವರು ಹೊಲಿದ ಅಂಗಿಯಲ್ಲೇ ನೌಕರಿಗೆ ಹೋಗಿ, ಅವರು ಹೊಲಿದ ಕೋಟಿನಲ್ಲೇ ಫೋಟೋ ತೆಗೆಸಿಕೊಂಡವರು. ಅದು ಬಟ್ಟೆಯ ದೂಳೋ, ಸಿಗರೇಟೋ, ಎದೆ ಎರಡೂ ಕಡೆ ಕೆಟ್ಟು ಹೋಗಿತ್ತು. ಇನ್ನು ಅದು ಸರಿಯಾಗುವುದಿಲ್ಲ, ಮುಂದಿನ ಸಲ ಉಸಿರು ಕಟ್ಟಿದಾಗ ಕೇಳಿ ತಿಳಿಯುವಷ್ಟು ಹೊತ್ತಿರುವುದಿಲ್ಲ, ಪಾಳಿಯಲ್ಲಿರುವ ಡಾಕ್ಟರು ಹಳದಿ ಹಾಳೆ ನೋಡಿ ಅದರಲ್ಲಿದ್ದಂತೆ ಮಾಡುತ್ತಾರೆ ಎಂದು ದೊಡ್ಡ ಡಾಕ್ಟರು ಎಲ್ಲರನ್ನೂ ಕೂರಿಸಿಕೊಂಡು ಹೇಳಿದ್ದರು. ಎರಡು ದಿನವಿರಬಹುದು, ಎರಡು ವಾರವಿರಬಹುದು. ಹಾಳೆಯಲ್ಲಿ ತಪ್ಪಿದ್ದರೆ ತಪ್ಪೇ ನಡೆದು ಹೋಗುತ್ತದೆ.

ಮೂವರೂ ಹಾಸಿಗೆಯ ಬಳಿ ಹೋದರು. ಮಾಸ್ಟ್ರು ಕಣ್ಣು ಬಿಟ್ಟು ಒಬ್ಬೊಬ್ಬರನ್ನೇ ನೋಡಿದರು. ಮಗ ತನ್ನ ಮಾತು ನೆನಪಿಸಿದ; ಅವರು ತಲೆಯಾಡಿಸಿದರು. ಮಗಳು ತನ್ನದನ್ನು ನೆನಪಿಸಿದಳು, ಅದಕ್ಕೂ ಆಡಿಸಿದರು. ನರ್ಸಮ್ಮ ಸೋಮವಾರದ ಮಾತನ್ನು ಎತ್ತಿದಳು.

"ಆಗಲಿ ತಾಯಿ," ಎಂದರು ಮಾಸ್ಟ್ರು. ಆಮೇಲೆ ಉಸಿರು ತೆಗೆದುಕೊಂಡು, ಯಾರಿಗೂ ಬೇಜಾರಾಗಬಾರದೆಂಬಂತೆ, "ಎಲ್ಲಾರೂ ಹೇಳಿದ್ದು ಆಗಲಿ" ಎಂದು ಸೇರಿಸಿದರು.

"ಅಡ್ಡಗೋಡೆ ಮೇಲೆ ದೀಪ ಇಟ್ಬಿಟ್ರಲ್ಲ ಮಾಸ್ಟ್ರು," ಎಂದ ಪಕ್ಕದ ಡ್ರೈವರ್, ಸೂರು ನೋಡುತ್ತ.

ಮಗ ಬಿಡುವು ಮುಗಿಯಿತೆಂದು ಶೆಡ್ಡಿಗೆ ಹೋದ. ನಾಳೆ ನಾಲ್ಕು ಗಂಟೆಗೆ ರಜೆ ಹಾಕಿ ಬರುತ್ತೇನೆ, ಅಷ್ಟರಲ್ಲಿ ಹಾಳೆ ತಿದ್ದಿರಬೇಕು ಎಂದು ಹೇಳಿ ಹೋದ. ಮಗಳು ಆಂಬುಲೆನ್ಸಿನವನಿಗೆ ಒಂದು ದಿನ ತಡೆಯಲು ಫೋನು ಮಾಡಿದಳು.

ಸಾಯಂಕಾಲ ನೋಡುವವರ ಹೊತ್ತಿಗೆ ಕಾಜದಕ್ಕ ಬಂದಳು. ಮಾಸ್ಟ್ರ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ಕಾಜ ಹೊಲಿದು ಗುಂಡಿ ಹಾಕಿದವಳು. ಅವಳ ನಿಜವಾದ ಹೆಸರು ಅಂಗಡಿಯಲ್ಲೂ ಯಾರಿಗೂ ನೆನಪಿರಲಿಲ್ಲ. ದಿನಾ ಬಂದು ಮಾಸ್ಟ್ರ ಕಾಲ ದೆಸೆಯಲ್ಲಿ ಕೂತು, ತಂದಿದ್ದ ಅಂಗಿಗಳಿಗೆ ಗುಂಡಿ ಹಾಕುತ್ತ, ಯಾವ ಗಿರಾಕಿ ದಪ್ಪಗಾದ, ಯಾರ ಮಗನಿಗೆ ಮೊದಲ ಪ್ಯಾಂಟು ಎಂದು ವರದಿ ಒಪ್ಪಿಸಿ ಹೋಗುವುದು ಅವಳ ಪದ್ಧತಿ. ಆ ದಿನ ಮಾಸ್ಟ್ರು ನಿದ್ದೆಯಲ್ಲಿದ್ದರು. ನರ್ಸಮ್ಮ ಬಂದು ಪಕ್ಕದಲ್ಲಿ ನಿಂತಳು. ಯಾರ ಹತ್ತಿರವೂ ಹೇಳಿಕೊಳ್ಳದವಳು, ಅದೇನಾಯಿತೋ, ಮಧ್ಯಾಹ್ನದ ಜಗಳವನ್ನೆಲ್ಲ ಅವಳ ಮುಂದೆ ಹೇಳಿದಳು.

ಕಾಜದಕ್ಕ ದಾರ ಕಚ್ಚಿ ತುಂಡು ಮಾಡಿ ಸಣ್ಣಗೆ ನಕ್ಕಳು.

"ಮೂರು ಜನಕ್ಕೂ ಆಗಲಿ ಅಂದ್ರಾ? ನನ್ನ ಕೇಳಿದ್ರೆ ನನಗೂ ಒಂದು ಕೊಡ್ತಿದ್ರು."

ಆಮೇಲೆ ಒಂದು ಕಥೆ ಹೇಳಿದಳು. ಒಬ್ಬ ಗಿರಾಕಿ ಅಂಗಿಗೆ ನಾಲ್ಕು ಜೇಬು ಬೇಕು ಎಂದು ಹಟ ಹಿಡಿದಿದ್ದನಂತೆ. ಮಾಸ್ಟ್ರು ಆಗಲಿ ಎಂದು, ಒಂದೇ ಜೇಬು ಹಾಕಿ ಕೊಟ್ಟರಂತೆ. ಅವನು ಜಗಳಕ್ಕೆಂದು ಬಂದವನು ಅಂಗಿ ತೊಟ್ಟು ಕನ್ನಡಿ ನೋಡಿಕೊಂಡು ಸುಮ್ಮನೆ ಹೋದನಂತೆ. ಇನ್ನೊಬ್ಬನಿಗೆ ಒಂದೇ ದಿನದಲ್ಲಿ ಕೋಟು ಬೇಕಿತ್ತು, ಅವನಿಗೂ ಆಗಲಿ. ಅದು ಆದದ್ದು ಮೂರು ವಾರಕ್ಕೆ.

"ಮಾಸ್ಟ್ರ ಬಾಯಲ್ಲಿ ಬೇಡ ಅನ್ನೋ ಮಾತು ನಾನು ಕೇಳೇ ಇಲ್ಲ," ಎಂದಳು. "ಬೇಡ ಅಂದ್ರೆ ಎದುರಿಗಿರೋರ ಮುಖ ಸಣ್ಣದಾಗುತ್ತಲ್ಲ, ಅದನ್ನ ನೋಡೋ ಶಕ್ತಿ ಇಲ್ಲ ಅವರಿಗೆ. ಆಗಲಿ ಅಂದ್ರೆ ನೀನು ಹೇಳಿದ್ದು ಕೇಳಿಸ್ತು ಅಂತ. ಅಷ್ಟೇ."

"ಮತ್ತೆ ನಿಜವಾಗಿ ಒಪ್ಪಿದ್ದು ಹೇಗೆ ಗೊತ್ತಾಗೋದು?"

"ಕೆಲಸ ಹಿಡಿಯೋದಾದ್ರೆ ಅವರೇ ಪ್ರಶ್ನೆ ಕೇಳೋಕೆ ಶುರು ಮಾಡ್ತಾರೆ. ನಿಂತು ಮಾಡೋ ಕೆಲಸವೋ ಕೂತು ಮಾಡೋ ಕೆಲಸವೋ. ಚೀಲ ಯಾವ ಹೆಗಲಿಗೆ ಹಾಕ್ತೀರಿ. ಊಟ ಆದ್ಮೇಲೆ ಹೊಟ್ಟೆ ಎಷ್ಟು ಬರುತ್ತೆ. ಗಿರಾಕಿಗೆ ಸಾಕಪ್ಪಾ ಅನ್ನಿಸ್ಬೇಕು, ಅಷ್ಟು ಕೇಳ್ತಾರೆ. ಕೇಳಿ ಮುಗಿಸೋವರೆಗೂ ಕತ್ತರಿ ಮುಟ್ಟಲ್ಲ." ಸೂಜಿಗೆ ದಾರ ಪೋಣಿಸಲು ಬೆಳಕಿನ ಕಡೆ ತಿರುಗಿದಳು. "ನಿಮ್ಮನ್ನ ಏನಾದ್ರೂ ಕೇಳಿದ್ರಾ?"

ನರ್ಸಮ್ಮ ಸೋಮವಾರದ ಬೆಳಿಗ್ಗೆಯನ್ನು ನೆನೆಸಿಕೊಂಡಳು. ಯಂತ್ರದ ವಿಷಯ ಹೇಳಿದವಳು ತಾನು. ಮನೆಯ ವಿಷಯ ತೆಗೆದವಳು ತಾನು. ಸ್ವಂತ ಹಾಸಿಗೆ, ಪರಿಚಯದ ಕಿಟಕಿ, ಸುತ್ತ ತನ್ನವರು ಎಂದು ಎಷ್ಟು ಚೆನ್ನಾಗಿ ಹೇಳಿದ್ದಳೆಂದರೆ, ಹೇಳುತ್ತ ಹೇಳುತ್ತ ಅವಳ ಗಂಟಲೇ ತುಂಬಿ ಬಂದಿತ್ತು. ಹಾಗಲ್ಲವೇ ಮಾಸ್ಟ್ರೇ ಎಂದಾಗ ಅವರು ಅವಳ ಮುಖ ನೋಡಿ, ಆಗಲಿ ತಾಯಿ ಎಂದಿದ್ದರು. ಅದೊಂದೇ ಅವರ ಮಾತು. ಉಳಿದದ್ದೆಲ್ಲ ಅವಳ ಪ್ರಶ್ನೆ, ಬಾಲ ಕತ್ತರಿಸಿ ಉತ್ತರದ ಜಾಗದಲ್ಲಿ ಕೂರಿಸಿದ್ದು. ಹನ್ನೆರಡು ವರ್ಷದಲ್ಲಿ ಹೀಗೆ ಎಷ್ಟು ಹಾಳೆ ತುಂಬಿಸಿರಬಹುದು ಎಂಬ ಯೋಚನೆ ಬಂತು. ಕಾಜದಕ್ಕ ಅವಳ ಉತ್ತರಕ್ಕೆ ಕಾಯಲಿಲ್ಲ. ಗುಂಡಿ ಹಾಕುತ್ತಲೇ ಇದ್ದಳು.

ಮರುದಿನ ಬೆಳಿಗ್ಗೆ, ಮೈ ಒರೆಸಿ ಹಾಸಿಗೆಯ ಬಟ್ಟೆ ಬದಲಿಸಿದ ಮೇಲೆ, ನರ್ಸಮ್ಮ ಹಾಳೆ ಪೆನ್ನು ಎರಡನ್ನೂ ಬಿಟ್ಟು ಬರಿಗೈಯಲ್ಲಿ ಆರನೇ ಹಾಸಿಗೆಗೆ ಹೋದಳು. ಪರದೆ ಎಳೆದು ಗಿಡ್ಡ ಸ್ಟೂಲಿನ ಮೇಲೆ ಕೂತಳು.

"ಮಾಸ್ಟ್ರೇ, ಸೋಮವಾರ ನಾನು ಬರ್ಕೊಂಡಿದ್ದು ನಿಮ್ಮ ಮಾತಲ್ಲ, ನನ್ನದು. ತಪ್ಪಾಯ್ತು. ಇವತ್ತು ನಾನು ಏನೂ ಕೇಳಲ್ಲ. ನೀವೇನಾದ್ರೂ ಕೇಳೋದಿದ್ರೆ ಕೇಳಿ."

"ಆಗಲಿ," ಎಂದರು ಮಾಸ್ಟ್ರು.

ಅವಳು ಸುಮ್ಮನೆ ಕೂತಳು. ಸುಮ್ಮನೆ ಕೂರುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ. ನಾಲಿಗೆಯ ತುದಿಗೆ ಹತ್ತು ಮಾತು ಬಂದವು, ಹತ್ತನ್ನೂ ನುಂಗಿದಳು. ಪೈಪಿನ ಬಾಟಲಿಯಲ್ಲಿ ನೀರು ಗುಳುಗುಳು ಎನ್ನುತ್ತಿತ್ತು. ಪರದೆಯಾಚೆ ಡ್ರೈವರು ಕೆಮ್ಮಿ, ಸದ್ದು ಮಾಡಿದ್ದಕ್ಕೆ ತಾನೇ ಕ್ಷಮೆ ಕೇಳಿಕೊಂಡ. ಮಾಸ್ಟ್ರು ಅವಳನ್ನೇ ನೋಡುತ್ತಿದ್ದರು, ಮುಖವನ್ನಲ್ಲ, ಹೆಗಲನ್ನು.

"ಈ ಯೂನಿಫಾರಂ ಯಾರು ಹೊಲ್ದಿದ್ದು?" ಎಂದರು ಕೊನೆಗೆ.

ಆಸ್ಪತ್ರೆಯವರೇ ಕೊಡುವುದು ಎಂದಳು.

"ಎಡಗೈ ಎತ್ತಿ ನೋಡೋಣ. ಕಂಕುಳಲ್ಲಿ ಹಿಡಿಯುತ್ತಾ?"

ಎತ್ತಿದಳು. ಹಿಡಿಯುತ್ತಿತ್ತು. ಇಷ್ಟು ವರ್ಷವೂ ಹಿಡಿಯುತ್ತಿತ್ತು. ಹಾಗಿರುವುದೇ ಸರಿ ಎಂದುಕೊಂಡಿದ್ದಳು. ಮಾಸ್ಟ್ರು ಗೊತ್ತಿತ್ತು ಎಂಬಂತೆ ತಲೆಯಾಡಿಸಿ ಸ್ವಲ್ಪ ಹೊತ್ತು ಉಸಿರಾಡಿಕೊಂಡರು. ಈಗ ಅವರಿಗೆ ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಏಳೆಂಟು ಉಸಿರು ಬೇಕಾಗುತ್ತಿತ್ತು.

"ಆ ನಳಿಗೆ ಎಷ್ಟು ದಪ್ಪ ಇರುತ್ತೆ?"

ಅವಳು ಕಿರುಬೆರಳು ತೋರಿಸಿದಳು. ಅವರು ಅದನ್ನು ಮುಟ್ಟಿ, ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಅಂದಾಜು ಮಾಡಿದರು. ಅದು ಒಳಗಿದ್ದಾಗ ಮಾತು ಬರುತ್ತದೆಯೇ ಎಂದು ಕೇಳಿದರು. ಬರುವುದಿಲ್ಲ ಎಂದಳು. ಎಚ್ಚರವಿರುತ್ತದೆಯೇ? ನಿದ್ದೆಯ ಔಷಧಿ ಕೊಟ್ಟಿರುತ್ತಾರೆ, ಬಹಳ ಮಟ್ಟಿಗೆ ಇರುವುದಿಲ್ಲ ಎಂದಳು. ಅಷ್ಟರಲ್ಲಿ ಎದೆ ಸರಿಹೋಗುತ್ತದೆಯೇ? ಬೇರೆ ದಿನವಾಗಿದ್ದರೆ ಅವಳು ಆ ಮಾತಿಗೆ ಸ್ವಲ್ಪ ಹತ್ತಿ ಸುತ್ತಿ ಕೊಡುತ್ತಿದ್ದಳು.

"ಇಲ್ಲ ಮಾಸ್ಟ್ರೇ. ಸರಿಹೋಗಲ್ಲ."

"ಹಾಗಾದ್ರೆ ಅದನ್ನ ತೆಗೆಯೋದು ಯಾವಾಗ?"

"ಸಾಕು, ತೆಗೀರಿ ಅಂತ ಯಾರಾದ್ರೂ ಹೇಳ್ಬೇಕಾಗಬಹುದು."

"ಯಾರು?"

"ನಿಮ್ಮ ಮಗ. ಇಲ್ಲಾ ಮಗಳು."

ಮಾಸ್ಟ್ರು ಅವಳ ಬೆರಳು ಬಿಟ್ಟರು. ಕಣ್ಣು ಮುಚ್ಚಿದರು. ಮಲಗಿದರೇನೋ ಎಂದು ಅವಳು ಏಳಬೇಕು, ಅಷ್ಟರಲ್ಲಿ ಮತ್ತೆ ದನಿ ಬಂತು.

"ನನ್ನ ಮುರುಕು ಸೈಕಲ್ ಒಂದಿದೆ. ಚಕ್ರ ಇಲ್ಲ. ಗುಜರಿಗೆ ಹಾಕೋಣ ಅಂದ್ರೆ ಹನ್ನೊಂದು ವರ್ಷದಿಂದ ಬಿಟ್ಟಿಲ್ಲ ನನ್ನ ಮಗ. ಅವನ ಕೈಲಿ ತೆಗೀರಿ ಅನ್ನಿಸ್ತೀರಾ?"

ಆಮೇಲೆ ಮನೆಯ ಸರದಿ ಬಂತು. ಕಳಿಸಿಕೊಟ್ಟರೆ ತನ್ನನ್ನು ಎಲ್ಲಿ ಮಲಗಿಸುತ್ತಾರೆ ಎಂದು ಕೇಳಿದರು. ನೀವು ಎಲ್ಲಿ ಹೇಳಿದರೆ ಅಲ್ಲಿ ಎಂದಳು. ಹೇಳಲು ಇರುವುದು ಒಂದೇ ಜಾಗ ಎಂದು ಮಾಸ್ಟ್ರು ಬಿಡಿಸಿ ಹೇಳಿದರು. ಅಂಗಡಿಯ ಮೇಲೆ ಎರಡು ಕೋಣೆ. ಬೆಳಕು ಬರುವುದು ಮುಂದಿನದಕ್ಕೆ ಮಾತ್ರ. ಅಲ್ಲೇ ಕಿಟಕಿಗೆ ಒತ್ತಿ ಬಟ್ಟೆ ಕತ್ತರಿಸುವ ಮೇಜು. ಹೆಂಡತಿಗೆ ಕಾಯಿಲೆ ಜೋರಾದಾಗ ಆ ಮೇಜಿನ ಮೇಲೇ ಹಾಸಿಗೆ ಹಾಕಿದ್ದರು, ಅವಳಿಗೆ ರಸ್ತೆ ಕಾಣಲಿ ಎಂದು. ಅವಳು ಹೋದದ್ದೂ ಅಲ್ಲೇ. ಎಲ್ಲರೂ ಎಷ್ಟು ಪುಣ್ಯವಂತಳು, ಮನೆಯಲ್ಲೇ ಕಣ್ಣು ಮುಚ್ಚಿದಳು ಎಂದರು. ನಾನೂ ಹೌದೆಂದೆ. ಆದರೆ ಅದಾಗಿ ಐದು ತಿಂಗಳು ಆ ಮೇಜಿನ ಮೇಲೆ ಬಟ್ಟೆ ಹರಡಲು ನನ್ನಿಂದಾಗಲಿಲ್ಲ. ಅಡುಗೆಮನೆಯ ನೆಲದಲ್ಲಿ ಮಂಡಿಯೂರಿ ಕತ್ತರಿಸುತ್ತಿದ್ದೆ. ಇದನ್ನು ಮಕ್ಕಳಿಗೂ ಹೇಳಿಲ್ಲ, ಸೊಂಟ ನೋವು ಎಂದು ಸುಳ್ಳು ಹೇಳಿ ಮುಲಾಮು ತರಿಸಿಕೊಂಡಿದ್ದೆ ಎಂದರು.

"ಈಗ ಮೊಮ್ಮಗಳು ಅಲ್ಲೇ ಕೂತು ಓದ್ಕೋತಾಳೆ," ಎಂದರು. "ಆ ಕಿಟಕಿ ಬಿಟ್ರೆ ಅವಳಿಗೆ ಬೆಳಕೆಲ್ಲಿದೆ?"

ನರ್ಸಮ್ಮನಿಗೆ ತನ್ನ ಹಾಳೆಯ ಸಾಲು ಕಣ್ಣಮುಂದೆ ಬಂತು. ಮನೆಗೆ ಕಳಿಸಿಕೊಡಿ.

"ಇಲ್ಲೇ ಇರಬಹುದಾ ತಾಯಿ, ಕೊನೇವರೆಗೂ? ಹಾಸಿಗೆ ಬೇಕು ಅಂತ ಎಬ್ಬಿಸ್ತಾರಾ?"

"ಎಬ್ಬಿಸಲ್ಲ."

"ಉಸಿರು ಸಿಗದೆ ಇದ್ದಾಗ ಏನ್ಮಾಡ್ತೀರಿ?"

ಔಷಧಿಯ ವಿಷಯ ಹೇಳಿದಳು. ಒದ್ದಾಟ ಇಳಿಯುತ್ತದೆ, ಹೆದರಿಕೆ ಇಳಿಯುತ್ತದೆ. ಉಸಿರನ್ನು ಮಾತ್ರ ಅದು ವಾಪಸು ತರುವುದಿಲ್ಲ ಎಂದಳು. ಆಗ ನೀವು ಇರುತ್ತೀರಾ ಎಂದು ಕೇಳಿದರು. ನನ್ನ ಪಾಳಿಯಾಗಿದ್ದರೆ ಇರುತ್ತೇನೆ, ಇಲ್ಲದಿದ್ದರೆ ಬೇರೆ ನರ್ಸು ಇರುತ್ತಾಳೆ, ನೀವು ಒಬ್ಬರೇ ಇರುವಂತಾಗುವುದಿಲ್ಲ ಎಂದಳು. ಇರುತ್ತೇನೆ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದಿತ್ತು. ಆದರೆ ಅಳತೆ ಕೇಳುತ್ತಿರುವವರಿಗೆ ಸುಳ್ಳು ಅಳತೆ ಕೊಡಲು ಬಾಯಿ ಬರಲಿಲ್ಲ.

"ಯಾವತ್ತಿಗೆ ಆಗಬಹುದು?"

"ಗೊತ್ತಿಲ್ಲ ಮಾಸ್ಟ್ರೇ. ಡಾಕ್ಟರಿಗೂ ಗೊತ್ತಿಲ್ಲ."

"ದಿನ ಹೇಳ್ದೆ ಕೆಲಸ ಹಿಡಿಯೋದು ಕಷ್ಟ," ಎಂದು ಮಾಸ್ಟ್ರು ತುಟಿಯಂಚಿನಲ್ಲಿ ನಕ್ಕರು. ಪರದೆಯಾಚೆಯಿಂದ ಡ್ರೈವರೂ ನಕ್ಕದ್ದು ಕೇಳಿಸಿತು.

ನಳಿಗೆ ಬೇಡ, ಮನೆಗೂ ಬೇಡ, ಮಗಳ ಊರಿಗೂ ಬೇಡ, ಇಲ್ಲೇ ಇರುತ್ತೇನೆ ಎಂದು ಅವರು ಹೇಳಿ ಮುಗಿಸುವ ಹೊತ್ತಿಗೆ ಅರ್ಧ ಗಂಟೆಯಾಗಿತ್ತು. ಇದನ್ನು ಮಕ್ಕಳಿಗೆ ನಾನೇ ಹೇಳಲೇ ಎಂದು ನರ್ಸಮ್ಮ ಕೇಳಿದಳು.

"ಆಗಲಿ," ಎಂದರು ತಕ್ಷಣ.

ಅವಳು ಏಳಲಿಲ್ಲ. ಅವರ ಕಣ್ಣು ಪರದೆಯ ಬಳೆಗಳನ್ನು ಎಣಿಸುವಂತೆ ಈ ತುದಿಯಿಂದ ಆ ತುದಿಗೆ ಹೋಗಿ ಬಂತು.

"ನೀವು ಹೇಳಿದ್ರೆ ಮಗ ನಂಬ್ತಾನಾ?"

"ನಂಬಲ್ಲ."

"ಹೂಂ," ಎಂದರು. ತುಂಬಾ ಹೊತ್ತಾದ ಮೇಲೆ ಇನ್ನೊಂದು ಸಲ "ಹೂಂ" ಎಂದರು. ನಾಲ್ಕು ಗಂಟೆಗೆ ತನ್ನನ್ನು ಒರಗಿಸಿ ಕೂರಿಸಬೇಕೆಂದೂ ಹೊಸ ಅಂಗಿ ಹಾಕಬೇಕೆಂದೂ ಹೇಳಿದರು.

ನರ್ಸಮ್ಮ ನರ್ಸುಗಳ ಕೋಣೆಗೆ ಹೋಗಿ ಹಳದಿ ಹಾಳೆ ತೆಗೆದು ಮೂರನೆಯ ಸಾಲಿನ ಮೇಲೆ ಗೆರೆ ಎಳೆದಳು. ಹಾಗೆ ಹೊಡೆದು ಹಾಕಿದರೆ ಪಕ್ಕದಲ್ಲಿ ಕಾರಣ ಬರೆದು ಸಹಿ ಹಾಕಬೇಕೆಂಬ ನಿಯಮವಿತ್ತು. 'ಸೋಮವಾರದ ಉತ್ತರ ರೋಗಿಯದಲ್ಲ, ನನ್ನದು' ಎಂದು ಬರೆದಳು. ಅಚ್ಚಿನಲ್ಲಿ ಕಾರಣಕ್ಕೆಂದು ಬಿಟ್ಟ ಜಾಗ ಚಿಕ್ಕದಿತ್ತು. ಅಕ್ಷರ ಕಿರಿದು ಮಾಡಿ ಹಿಡಿಸಿದಳು. ಕೆಳಗೆ ಮಾಸ್ಟ್ರು ಹೇಳಿದ್ದನ್ನು ಅವರು ಹೇಳಿದ ಹಾಗೇ ಬರೆದಳು. ಅವರು ಕೇಳಿದ ಪ್ರಶ್ನೆಗಳನ್ನೂ ಬರೆದಳು. ಅದಕ್ಕೆ ಜಾಗವೇ ಇರಲಿಲ್ಲ. ಹಾಳೆಯ ಬೆನ್ನಿಗೆ ಹೋಯಿತು. ರೋಗಿಯ ಸಹಿಯ ಜಾಗ ಮಾತ್ರ ಖಾಲಿ ಉಳಿಯಿತು. ಮಗನೊಂದಿಗೆ ಮಾತಾದ ಮೇಲೆಯೇ ಸಹಿ ಎಂದು ಮಾಸ್ಟ್ರು ಹೇಳಿದ್ದರು. ಮಗ ಕೈ ಹಿಡಿದುಕೊಂಡರೆ ಇಷ್ಟೂ ಮಾತು ಒಂದು 'ಆಗಲಿ'ಯಲ್ಲಿ ಕರಗಿ ಹೋಗಬಹುದೆಂದು ಅವಳಿಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು.

ನಾಲ್ಕಕ್ಕೆ ಮಗ ಬಂದ. ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಯಾರದೋ ಎದುರು ಅರ್ಜಿ ಹಿಡಿದು ನಿಲ್ಲುವವನ ಹಾಗಿದ್ದ. ಮಗಳು ಹಾಸಿಗೆಯ ಇನ್ನೊಂದು ಬದಿಗೆ ನಿಂತಳು. ನರ್ಸಮ್ಮ ಡ್ರೈವರನ ಡ್ರಿಪ್ಪಿನ ಬಾಟಲಿ ನೋಡುವ ನೆವದಲ್ಲಿ ಏಳನೇ ಹಾಸಿಗೆಯ ಬಳಿ ಉಳಿದಳು. ಡ್ರೈವರು ನಿದ್ದೆ ಬಂದವನಂತೆ ಬಿಗಿಯಾಗಿ ಕಣ್ಣು ಮುಚ್ಚಿಕೊಂಡ.

ಮಗ ಎಲ್ಲ ಯೋಚಿಸಿಕೊಂಡು ಬಂದಿದ್ದ. ಒಂದು ತಿಂಗಳು ರಜೆ ಸಿಕ್ಕಿದೆ ಎಂದ. ಯಂತ್ರದ ವಿಭಾಗದಲ್ಲಿ ಹಾಸಿಗೆ ಇದೆಯೆಂದು ವಿಚಾರಿಸಿದ್ದೇನೆ, ಒಳಗೆ ಬಿಡದಿದ್ದರೂ ಪರವಾಗಿಲ್ಲ, ಬಾಗಿಲಾಚೆ ಕೂತಿರುತ್ತೇನೆ, ಎಷ್ಟು ದಿನವಾದರೂ ಕೂತಿರುತ್ತೇನೆ ಎಂದ. ಅಮ್ಮ ಹೋದಾಗ ಶೆಡ್ಡಿನಲ್ಲಿ ಬಸ್ಸಿನ ಅಡಿ ಮಲಗಿದ್ದೆ, ಈ ಸಲ ಹಾಗಾಗಲು ಬಿಡುವುದಿಲ್ಲ ಎಂದ. ಹೇಳುತ್ತ ಅವನು ತಂದೆಯ ಕೈ ಹಿಡಿದುಕೊಂಡಿದ್ದ.

"ಹಾಕ್ಸೋಣ ಅಪ್ಪಾ."

ಮಾಸ್ಟ್ರ ಬಾಯಿ ತೆರೆಯಿತು. ಐವತ್ತು ವರ್ಷದ ಮಾತು ತುಟಿಗೆ ಬಂದು ನಿಂತದ್ದು ನರ್ಸಮ್ಮನಿಗೆ ಕಾಣಿಸಿತು. ಅವಳು ಬಾಟಲಿಯ ಕಡೆ ತಿರುಗಿದಳು. ತೊಟ್ಟು ಬೀಳುವುದನ್ನು ಎಣಿಸಿದಳು: ಆರು, ಏಳು, ಎಂಟು.

"ಅದು ಹಾಕಿದ್ಮೇಲೆ," ಎಂದರು ಮಾಸ್ಟ್ರು, ಉಸಿರು ಎಳೆದುಕೊಂಡು, "ತೆಗೀರಿ ಅಂತ ಯಾರು ಹೇಳ್ಬೇಕು, ಗೊತ್ತಾ ನಿಂಗೆ?"

ಮಗನಿಗೆ ಗೊತ್ತಿರಲಿಲ್ಲ. ಡಾಕ್ಟರು ಹೇಳುತ್ತಾರಲ್ಲವೇ ಎಂದ.

"ನೀನು ಹೇಳ್ಬೇಕಂತೆ."

ಮಗ ಅಕ್ಕನ ಕಡೆ ನೋಡಿದ. ಅಕ್ಕ ಹಾಸಿಗೆಯ ಸರಳು ಹಿಡಿದುಕೊಂಡಿದ್ದಳು.

"ಆ ಕೆಲಸ ನಿನಗೆ ಕೊಡಲ್ಲ ನಾನು," ಎಂದರು ಮಾಸ್ಟ್ರು. "ಬೇಡ ಕಣೋ."

ಮಗನ ಮುಖ ಸಣ್ಣದಾಯಿತು. ಎಂಟು ವರ್ಷದ ಹುಡುಗನ ಮುಖದಷ್ಟು ಸಣ್ಣದಾಯಿತು. ಮಾಸ್ಟ್ರು ಕಣ್ಣು ತಿರುಗಿಸಲಿಲ್ಲ. ನೋಡುತ್ತಲೇ ಇದ್ದರು, ಅದು ಅವರಿಗೆ ಎಷ್ಟು ದುಬಾರಿಯಾಗುತ್ತಿದೆ ಎಂಬುದು ಕುತ್ತಿಗೆಯ ನರಗಳಲ್ಲಿ ಕಾಣುತ್ತಿತ್ತು. ಆಮೇಲೆ ಮಗಳ ಕಡೆ ತಿರುಗಿ ಅವಳ ಊರೂ ಬೇಡ ಎಂದರು. ಮೇಜಿನ ವಿಷಯ, ಅಡುಗೆಮನೆಯ ನೆಲದ ವಿಷಯ, ಸೊಂಟದ ಮುಲಾಮಿನ ವಿಷಯ ನಡುನಡುವೆ ನಿಂತು, ದಣಿವಾರಿಸಿಕೊಂಡು, ಕೊನೆಯವರೆಗೂ ಹೇಳಿದರು. ಮುಲಾಮು ತಂದುಕೊಟ್ಟವಳು ಮಗಳೇ. ಅವಳಿಗೆ ಒಟ್ಟಿಗೇ ನಗುವೂ ಅಳುವೂ ಬಂದು ಸೆರಗಿಗೆ ಮುಖ ಒತ್ತಿಕೊಂಡಳು. ನಲವತ್ತನಾಲ್ಕು ವರ್ಷದಲ್ಲಿ ಅಪ್ಪ ನನಗೆ ಬೇಡ ಅಂದದ್ದು ಇದೇ ಮೊದಲು ಎಂದು ಆಮೇಲೆ ನರ್ಸಮ್ಮನ ಹತ್ತಿರ ಹೇಳಿದಳು, ದೂರುವ ದನಿಯಲ್ಲ, ಆದರೆ ಸಮಾಧಾನದ ದನಿಯೂ ಅಲ್ಲ.

ನರ್ಸಮ್ಮ ಹಾಳೆ ತಂದಳು. ಮಾಸ್ಟ್ರು ಹಿಂದೆ ಮುಂದೆ ತಿರುಗಿಸಿ ಪೂರ್ತಿ ಓದಿದರು. ನೇರ ಗೆರೆಯ ಸಹಿ ಈ ಸಲ ಅಲುಗಾಡಿತು, ಸಾಲು ಬಿಟ್ಟು ಕೆಳಗಿಳಿಯಿತು.

ಮಗ ಸಹಿ ನೋಡಲು ನಿಲ್ಲಲಿಲ್ಲ. ಹೊರಗೆ ಹೋಗಿ ಕಾರಿಡಾರಿನ ಕಿಟಕಿಯ ಬಳಿ ಬೆನ್ನು ಮಾಡಿ ನಿಂತ. ಕೆಳಗೆ ಯಾರೋ ಕಾರನ್ನು ಹಿಂದಕ್ಕೆ ತೆಗೆಯಲು ಒದ್ದಾಡುತ್ತಿದ್ದರು. ಮುಂದೆ, ಹಿಂದೆ, ಮತ್ತೆ ಮುಂದೆ. ಅದು ಹೊರಟುಹೋದ ಮೇಲೂ ಅವನು ಅಲ್ಲೇ ನಿಂತಿದ್ದ. ಅಕ್ಕ ಕರೆಯಲು ಹೊರಟಳು; ನರ್ಸಮ್ಮ ಬೇಡವೆಂದು ಸನ್ನೆ ಮಾಡಿದಳು.

ಒಳಗೆ ಬಂದಾಗ ಅವನು ಯಾರ ಮುಖವನ್ನೂ ನೋಡಲಿಲ್ಲ. ತಂದೆ ಅಷ್ಟು ಮಾತಾಡಿದ ದಣಿವಿಗೆ ದಿಂಬಿನಿಂದ ಜಾರಿ ಕೆಳಗಿಳಿದಿದ್ದರು. ಮಗ ಎರಡು ಕಂಕುಳಿಗೂ ಕೈ ಕೊಟ್ಟು ಮೇಲಕ್ಕೆಳೆದು ಕೂರಿಸಿದ. ಆಮೇಲೆ ಹಾಸಿಗೆಯ ಕಾಲ ತುದಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತು, ತಲೆಭಾಗ ಎತ್ತುವ ಕಬ್ಬಿಣದ ಹಿಡಿಯನ್ನು ಹೊರಗೆಳೆದು ತಿರುಗಿಸತೊಡಗಿದ. ಎಣ್ಣೆ ಕಾಣದ ತಿರುಪು ಕಿರುಗುಟ್ಟಿತು. ಅವನು ನಿಂತು, ಕಿವಿಗೊಟ್ಟು, ನಿಧಾನವಾಗಿ ಮತ್ತೆ ತಿರುಗಿಸಿದ.

"ಇಷ್ಟು ಇರಲಾ ಅಪ್ಪಾ?"

ಮಾಸ್ಟ್ರು ತಲೆ ಒರಗಿಸಿ, ಎದೆಯ ಮೇಲೆ ಕೈಯಿಟ್ಟು, ಎರಡು ಉಸಿರು ತೆಗೆದು ನೋಡಿದರು.

"ಜಾಸ್ತಿ ಆಯ್ತು. ಅರ್ಧ ಸುತ್ತು ಇಳಿಸು."

ಮಗ ಅರ್ಧ ಸುತ್ತು ಇಳಿಸಿದ.